ಡಾ. ಹಾಫ್‌ಡಾನ್ ಮಾಹ್ಲರ್: ವೈದ್ಯವೃತ್ತಿಯಿಂದ ಆರೋಗ್ಯಾಡಳಿತದವರೆಗೆ

ವೈದ್ಯನ ಕರ್ತವ್ಯವು ತನ್ನ ಬಾಗಿಲಿಗೆ ಬಂದ ರೋಗಿಯಿಂದ ಆರಂಭವಾಗುತ್ತದೆ. ನಾಡಿ ಹಿಡಿದು, ಎದೆಯ ಸದ್ದನ್ನು ಆಲಿಸಿ, ರೋಗವನ್ನು ಗುರುತಿಸಿ, ಮದ್ದನ್ನು ಕೊಟ್ಟು ಗುಣಪಡಿಸಿದರೆ ಆತನ ಕಾಯಕ ಸಾರ್ಥಕವಾಯಿತು. ಆರೋಗ್ಯಾಡಳಿತಗಾರನ ಕರ್ತವ್ಯವಾದರೋ ಬಾಗಿಲಿಗೆ ಬಾರದವರಿಂದಲೇ ಆರಂಭವಾಗಬೇಕಾಗುತ್ತದೆ. ಯಾರು ಬರಲಿಲ್ಲ, ಏಕೆ ಬರಲಿಲ್ಲ, ಬಂದವರೂ ಏಕೆ ಬರಿಗೈಯಲ್ಲಿ ಹಿಂದಿರುಗಿದರು ಎಂಬ ಪ್ರಶ್ನೆಗಳನ್ನು ಆತನು ಕೇಳಿಕೊಳ್ಳದಿದ್ದರೆ ದೊಡ್ಡ ಆಸ್ಪತ್ರೆಗಳು, ಬೆಲೆಬಾಳುವ ಯಂತ್ರಗಳು, ನುರಿತ ತಜ್ಞರು ಎಲ್ಲವೂ ಇದ್ದೂ ಜನಸಮುದಾಯದ ಬಹುಭಾಗಕ್ಕೆ ಇಲ್ಲದಂತೆಯೇ ಸರಿ. ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗಳನ್ನು ಜಗತ್ತಿನ ಸರ್ಕಾರಗಳ ಮುಂದಿಟ್ಟವರಲ್ಲಿ ಡೆನ್ಮಾರ್ಕ್ ದೇಶದ ಡಾ. ಹಾಫ್‌ಡಾನ್ ಮಾಹ್ಲರ್ ಅಗ್ರಗಣ್ಯರು. 1973ರಿಂದ 1988ರವರೆಗೆ, ಹದಿನೈದು ವರ್ಷಗಳ ಕಾಲ, ಅವರು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಅವರ ಚಿಂತನೆ ಹದಗೊಂಡ ವರ್ಷಗಳಲ್ಲಿ ಒಂದು ಭಾಗ ನಮ್ಮ ಕನ್ನಡ ನಾಡಿಗೂ ಸೇರಿದ್ದೆಂಬುದು ಅವರ ಜೀವನವನ್ನು ನಾವು ಅರಿಯಬೇಕಾದ ವಿಶೇಷ ಕಾರಣ.

ಜನನ ಮತ್ತು ವೈದ್ಯಶಿಕ್ಷಣ

ಮಾಹ್ಲರ್ ಅವರು 1923ರ ಏಪ್ರಿಲ್ 21ರಂದು ಡೆನ್ಮಾರ್ಕಿನ ವಿವಿಲ್ಡ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಅವರ ತಂದೆ ಬ್ಯಾಪ್ಟಿಸ್ಟ್ ಪಂಥದ ಧರ್ಮಬೋಧಕರು. ಮಗನು ಧರ್ಮಪೀಠವನ್ನು ಏರದೆ ವೈದ್ಯಶಾಸ್ತ್ರವನ್ನು ಆರಿಸಿಕೊಂಡನಾದರೂ, ಜನರನ್ನು ಉದ್ದೇಶಿಸಿ ಹೃದಯ ಮುಟ್ಟುವಂತೆ ಮಾತನಾಡುವ ಶಕ್ತಿ ಅವರಲ್ಲಿ ಕೊನೆಯವರೆಗೂ ಎದ್ದು ಕಾಣುತ್ತಿತ್ತು. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ 1948ರಲ್ಲಿ ವೈದ್ಯಪದವಿಯನ್ನು ಪಡೆದರು.

ಅದು ಎರಡನೆಯ ಮಹಾಯುದ್ಧ ಮುಗಿದು ಯೂರೋಪು ಚೇತರಿಸಿಕೊಳ್ಳುತ್ತಿದ್ದ ಕಾಲ. ಹಸಿವು, ನಿರ್ವಸತಿ, ಇಕ್ಕಟ್ಟಿನ ವಾಸ ಇವುಗಳ ಬೆನ್ನಿಗೇ ಕ್ಷಯರೋಗವು ಹಬ್ಬಿತ್ತು. ಅದನ್ನು ತಡೆಯಲು ಸ್ಕ್ಯಾಂಡಿನೇವಿಯದ ದೇಶಗಳು ಮುಂದಾಗಿ, ಬಿ.ಸಿ.ಜಿ. ಲಸಿಕೆಯನ್ನು ದೇಶದೇಶಗಳಿಗೆ ಒಯ್ಯುವ ಮಹಾಕಾರ್ಯವನ್ನು ಕೈಗೊಂಡಿದ್ದವು. ತರುಣ ವೈದ್ಯ ಮಾಹ್ಲರ್ ಕ್ಷಯರೋಗವನ್ನೇ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. 1950ರಲ್ಲಿ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ತೆರಳಿ, ಅಲ್ಲಿ ರೆಡ್‌ಕ್ರಾಸ್ ನಡೆಸುತ್ತಿದ್ದ ಕ್ಷಯ ನಿವಾರಣಾ ಕಾರ್ಯದ ನೇತೃತ್ವ ವಹಿಸಿದರು. ಮರುವರ್ಷ, 1951ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯನ್ನು ಸೇರಿ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ ವಯಸ್ಸು.

ಭಾರತದಲ್ಲಿ ಹತ್ತು ವರ್ಷ

ಆ ದಿನಗಳ ಭಾರತದಲ್ಲಿ ಕ್ಷಯವೆಂದರೆ ಮರಣದ ಇನ್ನೊಂದು ಹೆಸರಾಗಿತ್ತು. ರೋಗಿಯನ್ನು ಊರಾಚೆಯ ಸ್ಯಾನಿಟೋರಿಯಂನಲ್ಲಿರಿಸಿ, ವಿಶ್ರಾಂತಿ, ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ ಇವುಗಳನ್ನು ಒದಗಿಸುವುದೇ ಮುಖ್ಯ ಚಿಕಿತ್ಸೆಯೆಂದು ಬಗೆಯಲಾಗಿತ್ತು. ಆದರೆ ರೋಗಿಗಳ ಸಂಖ್ಯೆ ಲಕ್ಷಗಟ್ಟಲೆ. ಹಾಸಿಗೆಗಳ ಸಂಖ್ಯೆಯೋ ಕೆಲವೇ ಸಾವಿರ. ಈ ಲೆಕ್ಕ ಎಂದಿಗೂ ಸರಿಹೊಂದುವಂತಿರಲಿಲ್ಲ.

ಅದೇ ದಶಕದಲ್ಲಿ ನಡೆದ ಎರಡು ಶೋಧನೆಗಳು ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯನ್ನು ತೋರಿದವು. ಮೊದಲನೆಯದು 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆ. ಕ್ಷಯವು ಕಾರ್ಖಾನೆಗಳ ಹೊಗೆಗೂ ನಗರದ ಇಕ್ಕಟ್ಟಿಗೂ ಸಂಬಂಧಿಸಿದ ರೋಗವೆಂಬ ನಂಬಿಕೆ ಅಲ್ಲಿಯವರೆಗೆ ಬಲವಾಗಿತ್ತು. ಸಮೀಕ್ಷೆಯಾದರೋ ಹಳ್ಳಿಗಳಲ್ಲಿಯೂ ರೋಗವು ನಗರಗಳಷ್ಟೇ ವ್ಯಾಪಕವಾಗಿದೆಯೆಂದು ತೋರಿಸಿತು. ಜನಸಂಖ್ಯೆಯ ಬಹುಭಾಗವು ಹಳ್ಳಿಗಳಲ್ಲಿದ್ದುದರಿಂದ ರೋಗಿಗಳ ಬಹುಭಾಗವೂ ಅಲ್ಲಿಯೇ ಇತ್ತು; ಚಿಕಿತ್ಸೆ ಮಾತ್ರ ನಗರದಲ್ಲಿತ್ತು. ಎರಡನೆಯದು 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯರೋಗ ಔಷಧಚಿಕಿತ್ಸಾ ಕೇಂದ್ರದ ಪ್ರಯೋಗ. ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿಯೂ ಇನ್ನೊಂದಕ್ಕೆ ಅವರವರ ಮನೆಗಳಲ್ಲಿಯೇ ಒಂದು ವರ್ಷ ಅದೇ ಔಷಧಗಳನ್ನು ನೀಡಲಾಯಿತು. 1959ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಡತನದ ಇಕ್ಕಟ್ಟಿನ ಮನೆಗಳಲ್ಲಿದ್ದು ಔಷಧ ಸೇವಿಸಿದವರೂ ಹೆಚ್ಚುಕಡಿಮೆ ಸ್ಯಾನಿಟೋರಿಯಂನವರಂತೆಯೇ ಗುಣ ಹೊಂದಿದ್ದರು. ಮನೆಮಂದಿಗೆ ಸೋಂಕು ತಗಲುವ ಭಯವೂ ಅದರಿಂದ ಹೆಚ್ಚಿರಲಿಲ್ಲ. ಹಾಸಿಗೆಯಿಲ್ಲದೆಯೂ ಕ್ಷಯವನ್ನು ಗುಣಪಡಿಸಬಹುದೆಂಬುದು ಸಿದ್ಧವಾಯಿತು.

ಇನ್ನು ಉಳಿದ ಪ್ರಶ್ನೆಯು ವೈದ್ಯಶಾಸ್ತ್ರದ್ದಾಗಿರಲಿಲ್ಲ, ವ್ಯವಸ್ಥೆಯದಾಗಿತ್ತು. ಲಕ್ಷಾಂತರ ಹಳ್ಳಿಗಳಲ್ಲಿ ಚದುರಿಹೋಗಿರುವ ರೋಗಿಗಳನ್ನು ಕಂಡುಹಿಡಿಯುವುದು ಹೇಗೆ? ಅವರಿಗೆ ತಪ್ಪದೆ ಔಷಧವನ್ನು ಮುಟ್ಟಿಸುವವರು ಯಾರು? ಇದಕ್ಕೆ ಉತ್ತರವನ್ನು ಹುಡುಕಲೆಂದೇ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅದನ್ನು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವು ಅದಕ್ಕಿತ್ತು. ಭಾರತದ ಕ್ಷಯ ನಿವಾರಣಾ ಕಾರ್ಯಕ್ಕೆ ವಿಶ್ವ ಸಂಸ್ಥೆಯ ಕಡೆಯಿಂದ ನಿಯುಕ್ತರಾಗಿದ್ದ ಹಿರಿಯ ಅಧಿಕಾರಿ ಮಾಹ್ಲರ್ ಅವರು ಈ ಸಂಸ್ಥೆಗೆ ರೂಪು ಕೊಟ್ಟವರಲ್ಲೊಬ್ಬರು. ವೈದ್ಯರ ಜೊತೆಯಲ್ಲಿ ಸಂಖ್ಯಾಶಾಸ್ತ್ರಜ್ಞರೂ ಸಮಾಜಶಾಸ್ತ್ರಜ್ಞರೂ ಒಂದೇ ಸೂರಿನಡಿ ಕುಳಿತು ಒಂದು ರೋಗವನ್ನು ಕುರಿತು ಆಲೋಚಿಸಿದುದು ಈ ಸಂಸ್ಥೆಯ ವೈಶಿಷ್ಟ್ಯ.

ತುಮಕೂರು ಜಿಲ್ಲೆ ಕಲಿಸಿದ ಪಾಠ

ಸಂಸ್ಥೆಯ ಆರಂಭದ ಅಧ್ಯಯನಗಳಲ್ಲಿ ಒಂದು ನಡೆದುದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ಕ್ಷಯರೋಗದ ಲಕ್ಷಣಗಳುಳ್ಳ ಹಳ್ಳಿಗರನ್ನು ಮನೆಗಳಲ್ಲಿಯೇ ಭೇಟಿಯಾಗಿ ವಿಚಾರಿಸಿದರು. 1963ರಲ್ಲಿ ಆ ಅಧ್ಯಯನವು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಳ್ಳಿಯ ಜನ ಅಜ್ಞಾನಿಗಳು, ರೋಗ ಬಂದರೂ ಅರಿಯರು, ಅರಿತರೂ ಆಸ್ಪತ್ರೆಗೆ ಬಾರರು ಎಂಬುದು ಆಗಿನ ವಿದ್ಯಾವಂತರ ಸಾಮಾನ್ಯ ಅಭಿಪ್ರಾಯವಾಗಿತ್ತು. ಅಧ್ಯಯನವು ಬೇರೆಯದೇ ಚಿತ್ರವನ್ನು ಮುಂದಿಟ್ಟಿತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಕೆಮ್ಮು, ಜ್ವರ, ಎದೆನೋವುಗಳ ಅರಿವು ಇತ್ತು. ಅವುಗಳನ್ನು ಕುರಿತು ಚಿಂತೆಯೂ ಇತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಧುನಿಕ ಚಿಕಿತ್ಸಾಲಯಗಳ ಮೆಟ್ಟಿಲನ್ನು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ದೊರೆತದ್ದು ಕೆಮ್ಮಿನ ಔಷಧದ ಒಂದು ಸೀಸೆ ಮಾತ್ರ. ಯಾರೂ ಅವರ ಕಫವನ್ನು ಪರೀಕ್ಷಿಸಿರಲಿಲ್ಲ. ರೋಗಿ ಬಾಗಿಲಿಗೆ ಬಂದಿದ್ದನು. ಬಾಗಿಲೇ ಆತನನ್ನು ಗುರುತಿಸಲಿಲ್ಲ.

ಈ ಅಧ್ಯಯನದ ತಾತ್ಪರ್ಯ ದೂರಗಾಮಿಯಾದುದು. ಕ್ಷಯಕ್ಕೆಂದೇ ಬೇರೆ ಆಸ್ಪತ್ರೆ, ಬೇರೆ ವೈದ್ಯರು, ಬೇರೆ ವಾಹನ ಎಂದು ಹೊರಟರೆ ಹಳ್ಳಿಗಳಿಗೆ ಅದು ಎಂದಿಗೂ ಮುಟ್ಟದು. ಜನ ಸಹಜವಾಗಿ ಹೋಗುವ ಸಾಮಾನ್ಯ ಚಿಕಿತ್ಸಾಲಯದಲ್ಲಿಯೇ ಒಂದು ಸೂಕ್ಷ್ಮದರ್ಶಕವಿದ್ದು, ಬಹುದಿನದ ಕೆಮ್ಮಿನವರ ಕಫವನ್ನು ಪರೀಕ್ಷಿಸಲು ತರಬೇತಿ ಹೊಂದಿದ ಒಬ್ಬ ಸಿಬ್ಬಂದಿಯಿದ್ದರೆ ರೋಗವು ಬೇಗನೆ ಬಯಲಾಗುತ್ತದೆ. ಇದೇ ತತ್ತ್ವದ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ರೂಪುಗೊಂಡು, ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡು ಸಾಮಾನ್ಯ ಆರೋಗ್ಯ ಸೇವೆಯೊಡನೆ ಬೆಸೆದುಕೊಂಡಿತು. ಆ ವೇಳೆಗೆ ಮಾಹ್ಲರ್ ಜಿನೀವಾಕ್ಕೆ ತೆರಳಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಷಯರೋಗ ವಿಭಾಗದ ಮುಖ್ಯಸ್ಥರಾಗಿದ್ದರು. 1964ರಲ್ಲಿ ಸಂಸ್ಥೆಯ ತಜ್ಞ ಸಮಿತಿಯು ಇತರ ದೇಶಗಳಿಗೂ ಇಂತಹ ಬೆಸೆದ ಕಾರ್ಯಕ್ರಮವನ್ನೇ ಶಿಫಾರಸು ಮಾಡಿತು.

ಮಹಾನಿರ್ದೇಶಕರ ಪೀಠದಲ್ಲಿ

1969ರಲ್ಲಿ ಯೋಜನೆಗಳ ವ್ಯವಸ್ಥಾ ವಿಶ್ಲೇಷಣೆಯ ವಿಭಾಗಕ್ಕೆ ನಿರ್ದೇಶಕರಾಗಿ, 1970ರಲ್ಲಿ ಸಹಾಯಕ ಮಹಾನಿರ್ದೇಶಕರಾಗಿ, 1973ರಲ್ಲಿ ಬ್ರೆಜಿಲ್ ದೇಶದ ಡಾ. ಮಾರ್ಕೊಲಿನೊ ಕ್ಯಾಂಡಾವ್ ಅವರ ಉತ್ತರಾಧಿಕಾರಿಯಾಗಿ ಮಾಹ್ಲರ್ ಹಂತಹಂತವಾಗಿ ಮೇಲೇರಿದರು. ಸಂಸ್ಥೆಯ ಇತಿಹಾಸದಲ್ಲಿ ಅವರು ಮೂರನೆಯ ಮಹಾನಿರ್ದೇಶಕರು. 1978 ಮತ್ತು 1983ರಲ್ಲಿ ಪುನಃ ಆಯ್ಕೆಯಾದರು.

ಆ ಅವಧಿಯಲ್ಲಿ ಫಲ ನೀಡಿದ ಕಾರ್ಯಗಳು ಹಲವು. 1967ರಲ್ಲಿ ತೀವ್ರಗೊಂಡಿದ್ದ ಸಿಡುಬು ನಿರ್ಮೂಲನ ಕಾರ್ಯವು ಡಾ. ಡಿ. ಎ. ಹೆಂಡರ್‌ಸನ್ ಅವರ ನೇತೃತ್ವದಲ್ಲಿ ಮುಂದುವರಿದು, 1977ರಲ್ಲಿ ಸೊಮಾಲಿಯದಲ್ಲಿ ಕಂಡ ಕೊನೆಯ ಸಹಜ ಪ್ರಕರಣದೊಡನೆ ಮುಕ್ತಾಯ ಕಂಡಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆಯು ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಿತು. 1974ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮ ಆರಂಭವಾಗಿ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ, ಕ್ಷಯ ಎಂಬ ಆರು ರೋಗಗಳಿಂದ ಮಕ್ಕಳನ್ನು ರಕ್ಷಿಸುವ ಗುರಿಯನ್ನಿಟ್ಟುಕೊಂಡಿತು. ಭಾರತವು 1978ರಲ್ಲಿ ಈ ಕಾರ್ಯಕ್ರಮವನ್ನು ಆರಂಭಿಸಿತು.

ಆದರೆ ಮಾಹ್ಲರ್ ಅವರ ದೃಷ್ಟಿ ಒಂದೊಂದು ರೋಗದ ಮೇಲೆ ಮಾತ್ರ ನಿಲ್ಲಲಿಲ್ಲ. ಸಿಡುಬು ಹೋಯಿತು, ಆದರೆ ಅದನ್ನು ಹೋಗಲಾಡಿಸಿದ ಊರಿನಲ್ಲಿ ಹೆರಿಗೆಯ ವೇಳೆ ತಾಯಿ ಸಾಯುತ್ತಿದ್ದಳು, ಕೊಳೆತ ನೀರಿನಿಂದ ಮಗು ಸಾಯುತ್ತಿತ್ತು. ಒಂದು ರೋಗವನ್ನು ಅಟ್ಟಲು ಬಂದ ವಾಹನವು ಹಿಂದಿರುಗಿದ ಮೇಲೆ ಊರಿನಲ್ಲಿ ಏನು ಉಳಿಯುತ್ತದೆ ಎಂಬುದೇ ಅವರ ಚಿಂತೆಯಾಗಿತ್ತು. ಚೀನಾದ ಹಳ್ಳಿಗಳಲ್ಲಿ ಬರಿಗಾಲ ವೈದ್ಯರೆಂದು ಹೆಸರಾದ ಸಾಮಾನ್ಯ ರೈತರು, ಮಹಾರಾಷ್ಟ್ರದ ಜಾಮಖೇಡದಲ್ಲಿ ಡಾ. ರಜನೀಕಾಂತ ಅರೋಳೆ ಮತ್ತು ಡಾ. ಮೇಬಲ್ ಅರೋಳೆ ದಂಪತಿಗಳು 1970ರಿಂದ ತರಬೇತುಗೊಳಿಸಿದ ಹಳ್ಳಿಯ ಹೆಣ್ಣುಮಕ್ಕಳು, ಇಂತಹವರ ಕಾರ್ಯಗಳನ್ನು ವಿವರಿಸುವ ಗ್ರಂಥವೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯೇ 1975ರಲ್ಲಿ ಹೊರತಂದಿತು. ಆರೋಗ್ಯವನ್ನು ಜನರಿಗೆ ಕೊಡುವ ಬದಲು ಜನರೇ ಅದನ್ನು ಕಟ್ಟಿಕೊಳ್ಳಬಲ್ಲರೆಂಬುದು ಆ ಗ್ರಂಥದ ಸಾರ.

ಸರ್ವರಿಗೂ ಆರೋಗ್ಯ

1977ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಭೆಯು ಒಂದು ಗುರಿಯನ್ನು ಅಂಗೀಕರಿಸಿತು. ಕ್ರಿ.ಶ. 2000ದ ವೇಳೆಗೆ ಜಗತ್ತಿನ ಸಕಲ ಜನರೂ ಸಾಮಾಜಿಕವಾಗಿ, ಆರ್ಥಿಕವಾಗಿ ಫಲಪ್ರದವಾದ ಜೀವನವನ್ನು ನಡೆಸುವಷ್ಟು ಆರೋಗ್ಯವನ್ನು ಹೊಂದಬೇಕೆಂಬುದೇ ಆ ಗುರಿ. ಮರುವರ್ಷ, 1978ರ ಸೆಪ್ಟೆಂಬರ್ 6ರಿಂದ 12ರವರೆಗೆ, ಆಗಿನ ಸೋವಿಯತ್ ಒಕ್ಕೂಟದ ಕಜಾಕ್‌ಸ್ತಾನದಲ್ಲಿರುವ ಅಲ್ಮಾ ಅಟಾ ನಗರದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ಜರುಗಿತು. 134 ಸರ್ಕಾರಗಳು ಮತ್ತು 67 ಸಂಸ್ಥೆಗಳ ಪ್ರತಿನಿಧಿಗಳು ಅದರಲ್ಲಿ ಪಾಲ್ಗೊಂಡು, ಪ್ರಾಥಮಿಕ ಆರೋಗ್ಯ ಸೇವೆಯೇ ಈ ಗುರಿಗೆ ಸಾಧನವೆಂದು ಘೋಷಿಸಿದರು.

ಆ ಘೋಷಣೆಯು ಪ್ರಾಥಮಿಕ ಆರೋಗ್ಯ ಸೇವೆಯಲ್ಲಿ ಕನಿಷ್ಠಪಕ್ಷ ಎಂಟು ಅಂಗಗಳಿರಬೇಕೆಂದು ಎಣಿಸಿತು: ಆರೋಗ್ಯ ಶಿಕ್ಷಣ, ಆಹಾರ ಮತ್ತು ಪೋಷಣೆ, ಶುದ್ಧವಾದ ನೀರು ಮತ್ತು ನೈರ್ಮಲ್ಯ, ಕುಟುಂಬ ಯೋಜನೆಯನ್ನೊಳಗೊಂಡ ತಾಯಿಮಕ್ಕಳ ಆರೈಕೆ, ಲಸಿಕೆ, ಸ್ಥಳೀಯ ರೋಗಗಳ ಹತೋಟಿ, ಸಾಮಾನ್ಯ ಕಾಯಿಲೆ ಮತ್ತು ಗಾಯಗಳ ಚಿಕಿತ್ಸೆ, ಅತ್ಯಗತ್ಯ ಔಷಧಗಳ ಪೂರೈಕೆ. ಈ ಎಂಟರಲ್ಲಿ ಆಸ್ಪತ್ರೆಯ ಗೋಡೆಯೊಳಗೆ ನಡೆಯುವುದು ಸ್ವಲ್ಪ. ಹೊರಗೆ ನಡೆಯುವುದೇ ಹೆಚ್ಚು. ಮೊದಲನೆಯ ಸ್ಥಾನ ದೊರೆತದ್ದು ಶಿಕ್ಷಣಕ್ಕೆ ಎಂಬುದನ್ನು ಉಪಾಧ್ಯಾಯರು ವಿಶೇಷವಾಗಿ ಗಮನಿಸಬೇಕು. ಊಟಕ್ಕೆ ಮುನ್ನ ಕೈತೊಳೆಯಲು ಮಗುವಿಗೆ ಕಲಿಸುವ ಪ್ರಾಥಮಿಕ ಶಾಲೆಯ ಗುರುವೂ ಈ ದೃಷ್ಟಿಯಿಂದ ಆರೋಗ್ಯ ಸೇವಕನೇ.

ಈ ತತ್ತ್ವವು ಕನ್ನಡಿಗರಿಗೆ ಹೊಸತೆನಿಸದು. ದಾಸೋಹದ ಪಂಕ್ತಿಯಲ್ಲಿ ಕುಳಿತವನ ಕುಲ, ಅಂತಸ್ತುಗಳನ್ನು ವಿಚಾರಿಸುವುದಿಲ್ಲ. ಹಸಿವೇ ಅಲ್ಲಿ ಅರ್ಹತೆ. ಮಾಹ್ಲರ್ ಅವರು ಹೊರಟದ್ದು ಬೇರೆ ನೆಲದಿಂದ, ಬೇರೆ ಧರ್ಮದಿಂದ. ಆದರೂ ಆರೋಗ್ಯದ ಪಂಕ್ತಿಯಲ್ಲಿ ಅಗತ್ಯವೇ ಅರ್ಹತೆಯಾಗಬೇಕೆಂಬ ಅವರ ನಿಲುವು ಅದೇ ಜಾಡಿನದು.

ಎದುರಾದ ವಿರೋಧ

ಇಂತಹ ಮಾತು ಸಭೆಯಲ್ಲಿ ಎಲ್ಲರಿಗೂ ಹಿತವೆನಿಸುತ್ತದೆ. ಅದು ಯಾರದಾದರೂ ಲಾಭಕ್ಕೆ ಅಡ್ಡ ಬಂದಾಗಲೇ ಆಡಳಿತಗಾರನ ಧೈರ್ಯ ತಿಳಿಯುವುದು. 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅತ್ಯಗತ್ಯ ಔಷಧಗಳ ಮೊದಲ ಮಾದರಿ ಪಟ್ಟಿಯನ್ನು ಪ್ರಕಟಿಸಿತು. ಮಾರುಕಟ್ಟೆಯಲ್ಲಿ ಸಾವಿರಾರು ಹೆಸರುಗಳ ಔಷಧಗಳಿದ್ದರೂ ಬಹುಪಾಲು ಜನರ ಅಗತ್ಯವನ್ನು ಸುಮಾರು ಇನ್ನೂರು ಔಷಧಗಳಿಂದ ಪೂರೈಸಬಹುದೆಂದು ಆ ಪಟ್ಟಿಯು ತೋರಿಸಿತು. ಬಡ ದೇಶಗಳ ಖಜಾನೆಗೆ ಇದು ವರವಾಯಿತು. ಔಷಧ ತಯಾರಕರ ಕಣ್ಣಿಗೆ ಮುಳ್ಳಾಯಿತು. 1981ರಲ್ಲಿ ಎದೆಹಾಲಿಗೆ ಬದಲಿಯಾಗಿ ಮಾರುವ ಹಾಲಿನ ಪುಡಿಯ ಪ್ರಚಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸಂಹಿತೆಯು ಸಭೆಯ ಮುಂದೆ ಬಂದಾಗ 118 ದೇಶಗಳು ಪರವಾಗಿಯೂ ಅಮೆರಿಕ ಒಂದೇ ವಿರುದ್ಧವಾಗಿಯೂ ಮತ ನೀಡಿದವು. ಭಾರತವು 1992ರಲ್ಲಿ ಈ ವಿಷಯದಲ್ಲಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. 1985ರಲ್ಲಿ ಅಮೆರಿಕವು ಸಂಸ್ಥೆಗೆ ಸಲ್ಲಬೇಕಾದ ವಂತಿಗೆಯನ್ನು ತಡೆಹಿಡಿದುದಕ್ಕೆ ಔಷಧನೀತಿಯ ಮೇಲಿನ ಅಸಮಾಧಾನವೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಮಾಹ್ಲರ್ ಅವರು ನೀತಿಯನ್ನು ಹಿಂತೆಗೆದುಕೊಳ್ಳಲಿಲ್ಲ.

ವಿರೋಧವು ವಿದ್ವಾಂಸರ ವಲಯದಿಂದಲೂ ಬಂದಿತು. ಎಲ್ಲರಿಗೂ ಎಲ್ಲವನ್ನೂ ಕೊಡಹೊರಡುವುದು ಆಗದ ಮಾತು. ಅಳೆಯಬಹುದಾದ ಕೆಲವೇ ಕ್ರಮಗಳನ್ನು ಆರಿಸಿಕೊಳ್ಳಬೇಕೆಂದು 1979ರಲ್ಲಿ ಇಬ್ಬರು ಅಮೆರಿಕನ್ ವೈದ್ಯರು ವಾದಿಸಿದರು. ಈ ವಾದವನ್ನು ಅನುಸರಿಸಿ ಯುನಿಸೆಫ್ ಸಂಸ್ಥೆಯು ಮಕ್ಕಳ ಬೆಳವಣಿಗೆಯ ತಪಾಸಣೆ, ಭೇದಿಗೆ ಉಪ್ಪುಸಕ್ಕರೆಯ ದ್ರಾವಣ, ಎದೆಹಾಲು, ಲಸಿಕೆ ಎಂಬ ನಾಲ್ಕು ಕ್ರಮಗಳಿಗೆ ಒತ್ತು ಕೊಟ್ಟಿತು. ಇವುಗಳಿಂದ ಅಸಂಖ್ಯಾತ ಶಿಶುಗಳು ಉಳಿದುದೂ ಸತ್ಯ. ಊರಿನ ಆರೋಗ್ಯ ವ್ಯವಸ್ಥೆಯನ್ನೇ ಕಟ್ಟುವ ಹಿರಿಯ ಕಾರ್ಯ ಹಿಂದೆ ಬಿದ್ದುದೂ ಸತ್ಯ.

ಕೊರತೆಗಳು

ಮಾಹ್ಲರ್ ಅವರನ್ನು ದೋಷಾತೀತರೆಂದು ಹೊಗಳಿದರೆ ಅವರಿಗೆ ನ್ಯಾಯ ಒದಗಿಸಿದಂತಾಗದು. ಅಲ್ಮಾ ಅಟಾ ಘೋಷಣೆಯಲ್ಲಿ ಗುರಿ ಸ್ಪಷ್ಟವಾಗಿತ್ತು. ಅದಕ್ಕೆ ತಗಲುವ ಹಣ ಎಷ್ಟು, ಅದು ಎಲ್ಲಿಂದ ಬರಬೇಕೆಂಬುದು ಸ್ಪಷ್ಟವಾಗಿರಲಿಲ್ಲ. 1980ರ ದಶಕದಲ್ಲಿ ಅನೇಕ ಬಡ ದೇಶಗಳು ಸಾಲದ ಹೊರೆಯಲ್ಲಿ ಸಿಲುಕಿ ಆರೋಗ್ಯದ ವೆಚ್ಚವನ್ನೇ ಕಡಿತಗೊಳಿಸಿದವು. ಏಡ್ಸ್ ರೋಗ ತಲೆದೋರಿದಾಗ ಅದರ ಭೀಕರತೆಯನ್ನು ಗ್ರಹಿಸುವಲ್ಲಿ ತಾವು ತಡಮಾಡಿದುದನ್ನು ಮಾಹ್ಲರ್ ಅವರೇ 1986ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಬಳಿಕ ಡಾ. ಜೊನಾಥನ್ ಮಾನ್ ಅವರ ನೇತೃತ್ವದಲ್ಲಿ ಜಾಗತಿಕ ಕಾರ್ಯಕ್ರಮವು ರೂಪುಗೊಂಡಿತು. ಉನ್ನತ ಸ್ಥಾನದಲ್ಲಿರುವವರು ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಅಪರೂಪ.

ಅವರೇ ಬೀಜ ಬಿತ್ತಿದ ಭಾರತದ ಕ್ಷಯ ಕಾರ್ಯಕ್ರಮವೂ ನಿರೀಕ್ಷೆಯನ್ನು ಮುಟ್ಟಲಿಲ್ಲ. ಚಿಕಿತ್ಸೆಯನ್ನು ಆರಂಭಿಸಿದ ರೋಗಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಜನ ಅದನ್ನು ಪೂರ್ಣಗೊಳಿಸುತ್ತಿದ್ದರೆಂದು 1992ರ ಪರಾಮರ್ಶೆಯಲ್ಲಿ ಕಂಡುಬಂದು, 1997ರಿಂದ ಪರಿಷ್ಕೃತ ಕಾರ್ಯಕ್ರಮ ಜಾರಿಗೆ ಬಂದಿತು. ಇಂದಿಗೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗದವರು ಭಾರತದಲ್ಲಿದ್ದಾರೆ. ಸಾಮಾನ್ಯ ಚಿಕಿತ್ಸಾಲಯಕ್ಕೆ ಹೊಣೆಯನ್ನು ವಹಿಸಿದ್ದು ಸರಿ. ಆ ಹೊಣೆಯನ್ನು ಹೊರುವಷ್ಟು ಬಲವನ್ನು ಅದಕ್ಕೆ ತುಂಬಲಿಲ್ಲವೆಂಬುದೇ ಇದರಿಂದ ಕಲಿಯಬೇಕಾದ ಪಾಠ.

ಉಪಸಂಹಾರ

1988ರಲ್ಲಿ ಮಾಹ್ಲರ್ ಅವರು ನಿವೃತ್ತರಾದರು. 1989ರಿಂದ 1995ರವರೆಗೆ ಅಂತರರಾಷ್ಟ್ರೀಯ ಯೋಜಿತ ಪಿತೃತ್ವ ಒಕ್ಕೂಟದ ಪ್ರಧಾನ ಕಾರ್ಯದರ್ಶಿಯಾಗಿ ಸೇವೆ ಸಲ್ಲಿಸಿದರು. 2008ರಲ್ಲಿ, ಎಂಬತ್ತೈದರ ಇಳಿವಯಸ್ಸಿನಲ್ಲಿ, ವಿಶ್ವ ಆರೋಗ್ಯ ಸಭೆಯನ್ನುದ್ದೇಶಿಸಿ ಮಾತನಾಡಿ ಅಲ್ಮಾ ಅಟಾದ ಸಂಕಲ್ಪವನ್ನು ನೆನಪಿಸಿದರು. 2016ರ ಡಿಸೆಂಬರ್ 14ರಂದು ಜಿನೀವಾದಲ್ಲಿ ನಿಧನರಾದರು.

ಕ್ರಿ.ಶ. 2000 ಕಳೆದುಹೋಯಿತು, ಸರ್ವರಿಗೂ ಆರೋಗ್ಯ ದೊರೆಯಲಿಲ್ಲ. ಆದರೆ ಗುರಿಯು ವ್ಯರ್ಥವಾಯಿತೆನ್ನುವಂತಿಲ್ಲ. 1990ರಲ್ಲಿ ಐದು ವರ್ಷ ತುಂಬುವ ಮುನ್ನವೇ ಮಡಿದ ಮಕ್ಕಳು ಜಗತ್ತಿನಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಮಿಗಿಲು. 2022ರಲ್ಲಿ ಆ ಸಂಖ್ಯೆ ಐವತ್ತು ಲಕ್ಷಕ್ಕಿಂತ ಕೆಳಗಿಳಿದಿತ್ತು. 2005ರಿಂದ ಭಾರತದ ಹಳ್ಳಿಗಳಲ್ಲಿ ಮನೆಮನೆಗೆ ನಡೆಯುತ್ತಿರುವ ಆಶಾ ಕಾರ್ಯಕರ್ತೆಯರು ಅಲ್ಮಾ ಅಟಾದ ಸಂಕಲ್ಪದ ಸಾಕಾರ ರೂಪಗಳು. 2018ರಲ್ಲಿ ಅದೇ ಕಜಾಕ್‌ಸ್ತಾನದ ಅಸ್ತಾನಾ ನಗರದಲ್ಲಿ ರಾಷ್ಟ್ರಗಳು ಮತ್ತೆ ಸೇರಿ ಪ್ರಾಥಮಿಕ ಆರೋಗ್ಯ ಸೇವೆಗೆ ತಮ್ಮ ನಿಷ್ಠೆಯನ್ನು ಪುನರುಚ್ಚರಿಸಿದವು.

ಅನ್ನದಾಸೋಹ, ಅಕ್ಷರದಾಸೋಹಗಳನ್ನು ನಡೆಸಿಕೊಂಡು ಬಂದ ನಾಡಿನಲ್ಲಿ ಆರೋಗ್ಯದಾಸೋಹಕ್ಕೂ ದಾನಿಗಳ ಕೊರತೆಯಿಲ್ಲ. ಆಸ್ಪತ್ರೆಗೆ ಕಟ್ಟಡ, ಹಾಸಿಗೆ, ಯಂತ್ರಗಳನ್ನು ನೀಡುವವರು ಪುಣ್ಯವಂತರೇ ಸರಿ. ಆದರೆ ಆ ದಾನದ ಅಳತೆ ಗೋಡೆಯ ಮೇಲಿನ ಶಿಲಾಫಲಕದಲ್ಲಿಲ್ಲ. ಬಹುದಿನದ ಕೆಮ್ಮನ್ನು ಹೊತ್ತು, ಒಂದು ದಿನದ ಕೂಲಿಯನ್ನು ಕಳೆದುಕೊಂಡು, ದೂರದ ಹಳ್ಳಿಯಿಂದ ನಡೆದು ಬಂದ ರೋಗಿಯನ್ನು ಆ ಬಾಗಿಲು ಗುರುತಿಸಿತೇ, ಆತನ ಕಫವನ್ನು ಪರೀಕ್ಷಿಸಿತೇ, ಔಷಧ ಮುಗಿಯುವವರೆಗೂ ಆತನ ಕೈಬಿಡದೆ ನಡೆಸಿತೇ ಎಂಬುದರಲ್ಲಿದೆ. ತುಮಕೂರಿನ ಹಳ್ಳಿಗಳು ಅರವತ್ತು ವರ್ಷಗಳ ಹಿಂದೆ ಕೇಳಿದ ಪ್ರಶ್ನೆ ಅದೇ. ಅದನ್ನು ಜಗತ್ತಿನ ಪ್ರಶ್ನೆಯನ್ನಾಗಿ ಮಾಡಿದುದು ಡಾ. ಮಾಹ್ಲರ್ ಅವರ ಜೀವನದ ಸಾರ್ಥಕತೆ.